ಗಂಟು ಬಿಚ್ಚಿ ಓದಿದ ಶರಣ: ಡಾ. ಫ. ಗು. ಹಳಕಟ್ಟಿಯವರು



ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆ ಮುಗಿಸಿ ನಾವು ಹೊಲಕ್ಕೋ ಅಂಗಡಿಗೋ ಹೊರಡುತ್ತೇವೆ. ಆ ಪೂಜೆಯ ಭಾವ ನಮ್ಮ ಜೊತೆಗೆ ತಕ್ಕಡಿಯವರೆಗೆ, ಖಾತೆ ಪುಸ್ತಕದವರೆಗೆ, ಕೂಲಿಯವರ ಪಗಾರದವರೆಗೆ ಬರುತ್ತದೆಯೋ ಅಥವಾ ಜಗಲಿಯ ಮೇಲೆಯೇ ಉಳಿಯುತ್ತದೆಯೋ ಎಂದು ಕೇಳಿಕೊಳ್ಳುವವರು ಕಡಿಮೆ. ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನೇ ಬದುಕಿನ ನಡುವೆ ತಂದಿಟ್ಟರು. ನಮ್ಮ ಅಜ್ಜಂದಿರ ಕಾಲದಲ್ಲಿ ಅದಕ್ಕೆ ತಮ್ಮ ದುಡಿಮೆ, ಮನೆ, ಆಯುಷ್ಯಗಳಿಂದ ಉತ್ತರ ಕೊಟ್ಟವರೊಬ್ಬರಿದ್ದರು. ಅವರೇ ವಚನ ಪಿತಾಮಹರೆಂದು ನಾಡು ಕರೆಯುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರು ಮಠಾಧಿಪತಿಗಳಲ್ಲ, ಸನ್ಯಾಸಿಗಳಲ್ಲ. ಹೆಂಡತಿ ಮಕ್ಕಳೊಡನೆ ಸಂಸಾರ ಮಾಡಿದ ಗೃಹಸ್ಥರು, ವೃತ್ತಿಯಿಂದ ವಕೀಲರು. ಆದ್ದರಿಂದಲೇ ಒಕ್ಕಲುತನ, ವ್ಯಾಪಾರ ಮಾಡಿಕೊಂಡಿರುವ ನಮಗೆ ಅವರ ಜೀವನ ಹತ್ತಿರವಾದುದು.

ಬಾಲ್ಯ ಮತ್ತು ವಿದ್ಯೆ

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ತಾಯಿ ದಾನಾದೇವಿ. ಕೂಸು ಚಿಕ್ಕದಿರುವಾಗಲೇ ತಾಯಿ ಲಿಂಗೈಕ್ಯರಾದರು. ಅಜ್ಜಿಯ ಆರೈಕೆಯಲ್ಲಿ ಬಾಲಕ ಬೆಳೆದ. ಧಾರವಾಡದಲ್ಲಿ ಶಾಲೆ ಮುಗಿಸಿ ಮುಂಬಯಿಗೆ ಹೋಗಿ ಕಾಲೇಜು ಓದಿ, 1904ರಲ್ಲಿ ಕಾನೂನು ಪದವಿ ಪಡೆದರು. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ಭಾಷೆಗೆ, ತಮ್ಮ ಸಂಸ್ಥೆಗಳಿಗೆ ಕೊಡುವ ಮಾನವನ್ನು ಕಂಡರು. ತಮ್ಮ ಜನ ಹಿಂದೆ ಬಿದ್ದಿರುವುದು ಅವರ ಮನಸ್ಸಿಗೆ ನಾಟಿತು.

ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಅನಂತರ ವಿಜಯಪುರಕ್ಕೆ ಬಂದು ನೆಲೆಸಿದರು. ಮುಂದಿನ ಅರವತ್ತು ವರ್ಷ ಅದೇ ಅವರ ಊರು. ಆ ಜಿಲ್ಲೆ ಬರಗಾಲದ ಸೀಮೆ. ಅವರು ಹುಟ್ಟುವುದಕ್ಕೆ ಸ್ವಲ್ಪ ಮೊದಲು, 1876ರಿಂದ 78ರವರೆಗಿನ ಭೀಕರ ಬರ ಆ ಭಾಗದ ಹಳ್ಳಿಗಳನ್ನೇ ಬರಿದು ಮಾಡಿತ್ತು. ಮಳೆ ಕೈಕೊಟ್ಟರೆ ಸಾಲ, ಬೆಳೆ ಬಂದರೆ ಸಾಲದ ಬಡ್ಡಿ ಎಂಬಂತಿದ್ದ ಒಕ್ಕಲಿಗರ ನಡುವೆ ತರುಣ ವಕೀಲರು ತಮ್ಮ ವೃತ್ತಿ ಆರಂಭಿಸಿದರು. ಕೋರ್ಟಿನಲ್ಲಿ ಹೆಸರು ಬಂತು, ಸಂಪಾದನೆಯೂ ಆಗತೊಡಗಿತು. ಸುಖವಾಗಿರಬೇಕೆಂದರೆ ಅಷ್ಟೇ ಸಾಕಾಗಿತ್ತು.

ಜಗಲಿಯ ಮೇಲಿನ ಗಂಟುಗಳು

ಆ ಕಾಲಕ್ಕೆ ವಚನಗಳು ಅಚ್ಚಾದುದು ತೀರ ಕಡಿಮೆ. ಹೆಚ್ಚಿನವು ತಾಡೋಲೆಗಳಲ್ಲಿದ್ದವು. ಆ ಓಲೆಯ ಕಟ್ಟುಗಳು ಮಠಗಳಲ್ಲಿ, ಹಳೆಯ ಮನೆತನಗಳಲ್ಲಿ ಬಟ್ಟೆ ಸುತ್ತಿಸಿಕೊಂಡು ಜಗಲಿಯ ಮೇಲೆ ಕುಳಿತಿದ್ದವು. ಮನೆಯವರು ಅವಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಕೈ ಮುಗಿಯುತ್ತಿದ್ದರು. ಬಿಚ್ಚಿ ಓದುತ್ತಿದ್ದವರು ಬಹಳ ಅಪರೂಪ. ಒಳಗೆ ಏನಿದೆ ಎಂಬುದೇ ಅನೇಕರಿಗೆ ಗೊತ್ತಿರಲಿಲ್ಲ. ಭಕ್ತಿಗೇನೂ ಕೊರತೆ ಇರಲಿಲ್ಲ. ಆದರೆ ಪೂಜೆಗೊಂಡ ಗಂಟಿನೊಳಗೆ ಹುಳು ಓಲೆಯನ್ನು ತಿನ್ನುತ್ತಿತ್ತು.

ಗೋಕಾಕ, ರಬಕವಿ, ಬನಹಟ್ಟಿಯ ಕಡೆಗೆ ಹೋದಾಗ ಹಳಕಟ್ಟಿಯವರಿಗೆ ಇಂತಹ ಕೆಲವು ಕಟ್ಟುಗಳನ್ನು ನೋಡುವ ಯೋಗ ಬಂತು. ಓದಿದರು. ಕಾಯಕ, ದಾಸೋಹ, ಸಮಾನತೆಗಳ ಮಾತು ತಮ್ಮದೇ ನುಡಿಯಲ್ಲಿ, ಒಕ್ಕಲಿಗನಿಗೂ ನೇಕಾರನಿಗೂ ತಿಳಿಯುವ ಹಾಗೆ ಬರೆದಿರುವುದನ್ನು ಕಂಡು ಬೆರಗಾದರು. ಅಂದಿನಿಂದ ಅವರ ಬದುಕಿನ ದಿಕ್ಕೇ ಬದಲಾಯಿತು. ಕೋರ್ಟಿನ ಕೆಲಸ ಮುಗಿದ ಮೇಲೆ, ರಜೆಯ ದಿನಗಳಲ್ಲಿ, ಊರೂರು ತಿರುಗಿ ಓಲೆಗಳನ್ನು ಕೇಳತೊಡಗಿದರು. ಪೂಜೆಯ ವಸ್ತುವನ್ನು ಹೊರಗೆ ಕೊಡಬಾರದೆಂದು ಅನೇಕರು ಒಪ್ಪಲಿಲ್ಲ. ಬೇಸರಿಸದೆ ಮತ್ತೆ ಮತ್ತೆ ಹೋದರು. ಕೊಟ್ಟವರಿಂದ ತಂದರು, ಪ್ರತಿ ಮಾಡಿದರು, ಒಂದು ಪ್ರತಿಗೆ ಇನ್ನೊಂದನ್ನು ಹೋಲಿಸಿ ಪಾಠ ತಿದ್ದಿದರು. ಹೀಗೆ ಅವರು ಕೂಡಿಸಿದ ಕಟ್ಟುಗಳು ಸಾವಿರಕ್ಕೂ ಮಿಕ್ಕಿದವು. ಅದುವರೆಗೆ ಬೆರಳೆಣಿಕೆಯ ಶರಣರ ಹೆಸರು ಮಾತ್ರ ಜನರಿಗೆ ತಿಳಿದಿತ್ತು. ಇನ್ನೂರಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬರಲು ಅವರ ಪರಿಶ್ರಮ ಕಾರಣವಾಯಿತು.

ಓದಿದ್ದನ್ನು ನಡೆಗೆ ತಂದದ್ದು

ಬಂಧುಗಳೆ, ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹಳಕಟ್ಟಿಯವರು ವಚನಗಳನ್ನು ಓದಿ ಪಂಡಿತರೆನಿಸಿಕೊಂಡು ಸುಮ್ಮನೆ ಕೂಡಲಿಲ್ಲ. ಓಲೆಯ ಸಂಗ್ರಹ ನಡೆದಿರುವಾಗಲೇ ತಮ್ಮ ಊರಿನ ಬಡತನಕ್ಕೆ, ಅಜ್ಞಾನಕ್ಕೆ ಕೈ ಹಾಕಿದರು. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ ಹುಟ್ಟಿತು, ಅದರ ಸ್ಥಾಪನೆಯಲ್ಲಿ ಅವರದು ಮುಂದಾಳತ್ವ. ಇಂದು ಆ ಸಂಸ್ಥೆ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳವರೆಗೆ ಬೆಳೆದಿದೆ.

1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಇದರ ಹಿಂದಿನ ವಿಚಾರ ನಮ್ಮ ವ್ಯಾಪಾರಸ್ಥರಿಗೆ ಚೆನ್ನಾಗಿ ತಿಳಿಯುವಂತಹದು. ಬಿತ್ತನೆಯ ಹೊತ್ತಿಗೆ ಸಾಹುಕಾರನಲ್ಲಿ ಸಾಲ ಎತ್ತಿದ ಒಕ್ಕಲಿಗ, ಸುಗ್ಗಿಯಲ್ಲಿ ಅದೇ ಸಾಹುಕಾರನಿಗೆ ಅವನು ಹೇಳಿದ ಧಾರಣೆಗೆ ಮಾಲು ಹಾಕಬೇಕಾಗುತ್ತಿತ್ತು. ಬಡ್ಡಿಯಲ್ಲೂ ನಷ್ಟ, ಧಾರಣೆಯಲ್ಲೂ ನಷ್ಟ. ಸಹಕಾರಿ ಪದ್ಧತಿಯಲ್ಲಿ ಜನರೇ ಷೇರು ಹಾಕಿ ಬಂಡವಾಳ ಕೂಡಿಸುತ್ತಾರೆ. ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತಾರೆ. ಬಡ್ಡಿಯ ದರ ಎಲ್ಲರಿಗೂ ಗೊತ್ತಿರುತ್ತದೆ. ಉಳಿದ ಲಾಭ ಸದಸ್ಯರಿಗೇ ಸೇರುತ್ತದೆ. ಇದು ಭಿಕ್ಷೆಯಲ್ಲ, ಉಪಕಾರವೂ ಅಲ್ಲ. ಪಡೆದವನು ತಲೆ ಎತ್ತಿ ನಡೆಯಬಲ್ಲ ನೆರವು. ದಾಸೋಹವೆಂದರೆ ಅನ್ನ ಬಡಿಸುವುದಷ್ಟೇ ಎಂದು ತಿಳಿದವರಿಗೆ, ನ್ಯಾಯವಾದ ಬಡ್ಡಿಗೆ ಸಾಲ ಸಿಗುವಂತೆ ಮಾಡುವುದೂ ದಾಸೋಹವೇ ಎಂದು ಅವರು ಮಾಡಿ ತೋರಿಸಿದರು. ಹತ್ತಿ ಬೆಳೆಗಾರರಿಗೆ, ನೇಕಾರರಿಗೆ ಸಹಕಾರಿ ಸಂಘಗಳನ್ನು ಕಟ್ಟುವಲ್ಲಿಯೂ ಮುಂದೆ ನಿಂತರು. ಕುಡಿಯುವ ನೀರಿಗೆ ಪರದಾಡುತ್ತಿದ್ದ ವಿಜಯಪುರಕ್ಕೆ ಭೂತನಾಳ ಕೆರೆಯ ನೀರು ಬರುವ ಕೆಲಸದಲ್ಲಿಯೂ ಅವರ ಶ್ರಮವಿದೆ.

ಮನೆ ಮಾರಿ ಮುದ್ರಣಾಲಯ

ಇಷ್ಟು ವರ್ಷ ಕೂಡಿಸಿದ ವಚನಗಳು ಅಚ್ಚಾಗದಿದ್ದರೆ ಅವು ಒಂದು ಗಂಟಿನಿಂದ ಬಿಡುಗಡೆಯಾಗಿ ಇನ್ನೊಂದು ಗಂಟಿಗೆ ಬಿದ್ದಂತೆಯೇ. 1922ರಲ್ಲಿ ತಮ್ಮ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಮರಳಿ ಬಂತು. ಎದೆಗುಂದದೆ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, 1923ರಲ್ಲಿ ಮೊದಲ ಭಾಗವನ್ನು ಹೊರತಂದರು. ಆದರೆ ಉಳಿದ ಅಷ್ಟೊಂದು ಸಾಹಿತ್ಯವನ್ನು ಪರರ ಮುದ್ರಣಾಲಯ ನಂಬಿ ಮುಗಿಸುವಂತಿರಲಿಲ್ಲ. ಸ್ವಂತ ಮುದ್ರಣಾಲಯವೇ ಬೇಕು. ಅದಕ್ಕೆ ರೊಕ್ಕವೆಲ್ಲಿ?

ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನು ಮಾರಿದರು. ಆ ಹಣದಿಂದ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮುಂದೆ ಕೊನೆಯವರೆಗೂ ಬಾಡಿಗೆ ಮನೆಯೇ ಗತಿಯಾಯಿತು. ಗೃಹಸ್ಥನಿಗೆ ಮನೆ ಎಂದರೇನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ತ್ಯಾಗ ಅವರೊಬ್ಬರದೇ ಅಲ್ಲ, ಪತ್ನಿ ಭಾಗೀರಥಿಯವರದೂ ಮಕ್ಕಳದೂ ಹೌದು. ದೊಡ್ಡ ವಕೀಲರ ಮನೆಯವರೆನಿಸಿಕೊಂಡು ಸಿರಿತನದಲ್ಲಿ ಇರಬಹುದಾಗಿದ್ದವರು ಹಿಡಿತದ ಸಂಸಾರವನ್ನು ಸಹಿಸಿಕೊಂಡರು. ಆ ತಾಯಿಯನ್ನೂ ನಾವು ಇಲ್ಲಿ ನೆನೆಯಬೇಕು.

1926ರಲ್ಲಿ ಶಿವಾನುಭವ ಪತ್ರಿಕೆಯನ್ನು, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನು ಆರಂಭಿಸಿದರು. ಇವು ಲಾಭ ತರುವ ಪತ್ರಿಕೆಗಳಲ್ಲ. ಚಂದಾದಾರರು ಕಡಿಮೆ, ಖರ್ಚು ಹೆಚ್ಚು. ಲೇಖನ ಬರೆಯುವುದು, ಕರಡು ತಿದ್ದುವುದು ಎಲ್ಲವೂ ಅವರ ಹೆಗಲ ಮೇಲೆಯೇ ಬಿದ್ದಿತ್ತು. ಆದರೂ ಶಿವಾನುಭವವನ್ನು ಮೂರು ದಶಕಕ್ಕೂ ಮಿಕ್ಕಿ ನಡೆಸಿದರು. ವಚನಗಳ ಜೊತೆಗೆ ಹರಿಹರನ ರಗಳೆಗಳನ್ನೂ ಶೂನ್ಯಸಂಪಾದನೆಯನ್ನೂ ಸಂಪಾದಿಸಿ ಪ್ರಕಟಿಸಿದರು. ತೇಪೆ ಹಾಕಿದ ಕೋಟು ತೊಟ್ಟೇ ಓಡಾಡುತ್ತಿದ್ದರೆಂದು ವಿಜಯಪುರದ ಕಡೆಯ ಹಿರಿಯರು ಹೇಳುತ್ತ ಬಂದಿದ್ದಾರೆ.

ಮಾನ ಸನ್ಮಾನಗಳೂ ಬಂದವು. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಇವು ಅವರ ಉಡುಗೆಯನ್ನಾಗಲಿ ನಡೆಯನ್ನಾಗಲಿ ಬದಲಿಸಲಿಲ್ಲ. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರೇ ದಿನ ಉಳಿದಿರುವಾಗ, ಅವರು ವಿಜಯಪುರದಲ್ಲಿ ಲಿಂಗೈಕ್ಯರಾದರು. ಕರ್ನಾಟಕದಲ್ಲಿ ಅವರ ಹುಟ್ಟಿದ ದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಾರೆ.

ನಮ್ಮ ಗಡಿಭಾಗಕ್ಕೆ ಇದರ ಪಾಠ

ವಿಜಯಪುರ ದೂರದ ಊರೆಂದು ನಾವು ತಿಳಿಯಬೇಕಾಗಿಲ್ಲ. ಆ ಜಿಲ್ಲೆಯನ್ನು ಮುಟ್ಟಿ ಹರಿದು ಬರುವ ಕೃಷ್ಣೆಯೇ ಮುಂದೆ ಭೀಮೆಯನ್ನು ಕೂಡಿಕೊಂಡು ಮಕ್ತಲ್ ಸೀಮೆಯನ್ನು ದಾಟಿ, ಜುರಾಲಾ ಅಣೆಕಟ್ಟಿನಲ್ಲಿ ನಿಂತು, ಗದ್ವಾಲದ ಹೊಲಗಳಿಗೆ ನೀರಾಗುತ್ತಾಳೆ. ಅಲ್ಲಿಯಂತೆ ಇಲ್ಲಿಯೂ ಹತ್ತಿ ಬೆಳೆಯುವವರಿದ್ದಾರೆ. ನಾರಾಯಣಪೇಟೆಯಲ್ಲಿ, ಗದ್ವಾಲದಲ್ಲಿ ಸೀರೆ ನೇಯುವ ಮಗ್ಗಗಳಿವೆ, ಅಡತಿ ಅಂಗಡಿಗಳಿವೆ. 1956ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ರಾಜ್ಯಗಳ ಗಡಿ ಬದಲಾಯಿತು; 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟ ಬೇರೆ ಜಿಲ್ಲೆಗಳಾದವು. ಮನೆಯ ಮಾತು, ಕೊರಳ ಲಿಂಗ ಮಾತ್ರ ಅವೇ ಉಳಿದಿವೆ.

ಆದರೆ ಒಂದು ಚಿಂತೆಯ ವಿಷಯವನ್ನು ಮುಚ್ಚಿಡಬಾರದು. ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು, ಇಂಗ್ಲಿಷು ಕಲಿಯುತ್ತಾರೆ. ಅದು ಬೇಕಾದದ್ದೇ, ಅನ್ನದ ಭಾಷೆಯನ್ನು ಯಾರೂ ಬಿಡಲಾಗದು. ಕೃಷ್ಣಾ ಮಂಡಲದಂತಹ ಕೆಲವು ಕಡೆ ಕನ್ನಡ ಶಾಲೆಗಳಿವೆ. ಉಳಿದ ಎಷ್ಟೋ ಮನೆಗಳಲ್ಲಿ ಕನ್ನಡ ಬಾಯಲ್ಲಿದೆ, ಕಣ್ಣಿಗಿಲ್ಲ. ಅಜ್ಜ ತಂದ ವಚನದ ಪುಸ್ತಕ ಜಗಲಿಯ ಮೇಲೆ ಕುಂಕುಮ ವಿಭೂತಿಯೊಡನೆ ಇದೆ, ಮೊಮ್ಮಗನಿಗೆ ಓದಲು ಬರುವುದಿಲ್ಲ. ಹಳಕಟ್ಟಿಯವರು ಬಿಚ್ಚಿದ ಗಂಟು ನಮ್ಮ ಮನೆಗಳಲ್ಲಿ ತಿರುಗಿ ಕಟ್ಟಿಕೊಳ್ಳುತ್ತಿದೆ ಎಂದರೆ ತಪ್ಪಾಗದು. ದಿನಕ್ಕೆ ಕಾಲು ಗಂಟೆ ಮಗುವಿನ ಜೊತೆ ಕುಳಿತು ಅಕ್ಷರ ತಿದ್ದಿಸಿದರೆ, ರಾತ್ರಿ ಪ್ರಸಾದಕ್ಕೆ ಮೊದಲು ಒಂದು ವಚನ ಓದಿಸಿದರೆ, ಒಂದೆರಡು ವರ್ಷದಲ್ಲಿ ಆ ಪುಸ್ತಕ ಬಾಯಿ ತೆರೆಯುತ್ತದೆ. ಇದಕ್ಕೆ ಸರಕಾರದ ಅಪ್ಪಣೆ ಬೇಡ, ಮನೆ ಮಾರುವ ಕಾರಣವೂ ಇಲ್ಲ.

ಓದಿದ ಮೇಲೆ ಅದು ನಡೆಗೆ ಬರಬೇಕು. ಅಡತಿ ಅಂಗಡಿಯಲ್ಲಿ ರೈತ ತಂದ ಮಾಲಿಗೆ ಸರಿಯಾದ ತೂಕ ಹಾಕುವುದು, ತೇವದ ನೆವದಲ್ಲಿ ಕಾರಣವಿಲ್ಲದೆ ಕಡಿತ ಮಾಡದಿರುವುದು ಲಿಂಗಪೂಜೆಯ ಮುಂದುವರಿಕೆಯೇ. ಉದ್ರಿ ಬರೆದ ಖಾತೆಯಲ್ಲಿ ಓದುಬರಹ ಬಾರದವನಿಗೂ ಲೆಕ್ಕ ಬಿಡಿಸಿ ಹೇಳುವುದು ಧರ್ಮ. ರೈತನಾದವನು ಮೂಟೆಯ ಮೇಲೊಂದು ಮಾಲು, ಒಳಗೊಂದು ಮಾಲು ಇಡದಿರುವುದು, ಪಡೆದ ಸಾಲವನ್ನು ಬೆಳೆ ಕೈಸೇರಿದಾಗ ಮಾತಿನಂತೆ ತೀರಿಸುವುದು ಅಷ್ಟೇ ಧರ್ಮ. ಕಳೆ ಕೀಳಲು ಬಂದ ಹೆಣ್ಣುಮಕ್ಕಳ ಕೂಲಿಯನ್ನು ನಾಳೆ ನಾಡಿದ್ದು ಎನ್ನದೆ ಅಂದೇ ಕೊಡುವುದು, ಅವರು ಯಾವ ಜಾತಿಯವರಾದರೂ ನಮ್ಮ ಮನೆಯ ಚೊಂಬಿನಲ್ಲಿಯೇ ನೀರು ಕೊಡುವುದು ಶರಣರ ದಾರಿ. ಇವು ಚಿಕ್ಕ ಕೆಲಸಗಳಂತೆ ಕಾಣುತ್ತವೆ. ಆದರೆ ರೊಕ್ಕಾಸು ಕಳೆದುಕೊಳ್ಳಬೇಕಾಗಿ ಬಂದಾಗ ಇವುಗಳಷ್ಟು ಕಠಿಣವಾದುವು ಬೇರೆ ಇಲ್ಲ. ಹಳಕಟ್ಟಿಯವರಿಗೂ ಮನೆ ಮಾರುವುದು ಸುಲಭವಾಗಿದ್ದಿಲ್ಲ.

ಎಲ್ಲರೂ ಅವರಂತೆ ಮನೆ ಮಾರಲಾರರು. ಮಾರಬೇಕೆಂದು ಯಾರೂ ಕೇಳುವುದೂ ಇಲ್ಲ. ಅವರವರ ಶಕ್ತಿಗೆ ತಕ್ಕಷ್ಟು ಮಾಡುವುದೇ ದಾಸೋಹ. ಬರುವ ಜುಲೈ 2ರಂದು ನಮ್ಮ ಪ್ರತಿ ಮನೆಯಲ್ಲಿ ಜಗಲಿಯ ಮೇಲಿನ ಪುಸ್ತಕವನ್ನು ಕೆಳಗಿಳಿಸಿ, ಧೂಳು ಒರೆಸಿ, ಮಕ್ಕಳ ಕೈಗೆ ಕೊಡೋಣ. ಮರುದಿನ ಅಂಗಡಿಯ ಬಾಗಿಲು ತೆರೆಯುವಾಗ, ಹೊಲದ ಬದುವಿಗೆ ಕಾಲಿಡುವಾಗ ಓದಿದ್ದನ್ನು ನೆನೆಯೋಣ. ಆ ಮಹಾನುಭಾವರಿಗೆ ನಾವು ಸಲ್ಲಿಸಬಹುದಾದ ಪೂಜೆ ಇದೇ.