ಚಾಮಯ್ಯ ಮೇಷ್ಟ್ರಾದ ಅಶ್ವಥ್

ಮಗುವನ್ನು ಶಾಲೆಗೆ ಸೇರಿಸಿದ ಪ್ರತಿಯೊಬ್ಬರಿಗೂ ಪರಿಚಿತವಾದ ಪದ ‘ಪೋಷಕರು’. ಪ್ರವೇಶದ ಅರ್ಜಿಯ ಕೊನೆಯಲ್ಲಿ ಪೋಷಕರ ಸಹಿಗೆಂದು ಒಂದು ಗೆರೆ ಇದ್ದೇ ಇರುತ್ತದೆ. ಕನ್ನಡ ಚಿತ್ರರಂಗದವರೂ ಇದೇ ಪದವನ್ನು ಬಳಸುತ್ತಾರೆ. ನಾಯಕ, ನಾಯಕಿ, ಖಳನಾಯಕರನ್ನು ಬಿಟ್ಟು ತಂದೆ, ಅಣ್ಣ, ಮಾವ, ಮೇಷ್ಟ್ರು, ಮನೆಯ ಹಳೆಯ ಆಳು ಇಂಥ ಪಾತ್ರಗಳನ್ನು ಮಾಡುವವರನ್ನು ಪೋಷಕ ನಟರೆಂದು ಕರೆಯುವುದು ರೂಢಿ. ಕಥೆಯನ್ನು ಸಾಕಿ ಸಲಹುವವರು ಅವರು. ಆದರೆ ಚಿತ್ರಮಂದಿರದ ಹೊರಗಿನ ಭಿತ್ತಿಪತ್ರದಲ್ಲಿ ಅವರ ಮುಖ ಮೂಲೆಯಲ್ಲಿ, ಸಣ್ಣದಾಗಿ ಇರುತ್ತದೆ.

ಈ ಪದದ ಎರಡೂ ಅರ್ಥಗಳು ಒಬ್ಬರಲ್ಲೇ ಕೂಡಿಬಂದದ್ದನ್ನು ನೋಡಬೇಕಾದರೆ ಕೆ.ಎಸ್. ಅಶ್ವಥ್ ಅವರ ಬದುಕನ್ನು ನೋಡಬೇಕು. ಅವರು ಯಾವ ಶಾಲೆಯಲ್ಲೂ ಮೇಷ್ಟ್ರಾಗಿ ಹೆಸರು ಮಾಡಿದವರಲ್ಲ. ಆದರೂ ಕರ್ನಾಟಕದ ಜನ ಮೇಷ್ಟ್ರು ಎಂದಾಗ ಮೊದಲು ನೆನೆಯುವ ಮುಖಗಳಲ್ಲಿ ಅವರದೂ ಒಂದು. ಅವರು ನಮ್ಮನ್ನಗಲಿ ಒಂದೂವರೆ ದಶಕ ಕಳೆದರೂ ಆ ನೆನಪು ಮಾಸಿಲ್ಲ.

ಅಶ್ವಥ್ ಅವರ ಪೂರ್ಣ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವಥನಾರಾಯಣ. ಹುಟ್ಟಿದ್ದು 1925ರ ಮಾರ್ಚ್ 25ರಂದು. ಬೆಳೆದದ್ದು, ಬಾಳಿದ್ದು ಮೈಸೂರಿನಲ್ಲಿ. ಇಂಟರ್‌ಮೀಡಿಯೆಟ್ ಓದುವ ಹೊತ್ತಿಗೆ 1942ರ ಕ್ವಿಟ್ ಇಂಡಿಯಾ ಚಳವಳಿ ಬಂತು. ಆ ಕಾಲದ ಅನೇಕ ವಿದ್ಯಾರ್ಥಿಗಳಂತೆ ಅವರೂ ಅದರಲ್ಲಿ ಸೇರಿಕೊಂಡರು. ಓದು ಅಲ್ಲಿಗೇ ನಿಂತಿತು. ಮುಂದೆ ಲಕ್ಷಾಂತರ ಜನರ ಕಣ್ಣಲ್ಲಿ ಗುರುವಿನ ಮೂರ್ತಿಯಾದವರ ಸ್ವಂತ ವಿದ್ಯಾಭ್ಯಾಸ ಅರ್ಧದಲ್ಲೇ ಮುಗಿದಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಹೊಟ್ಟೆಪಾಡಿಗೆ ಸರ್ಕಾರಿ ನೌಕರಿ ಹಿಡಿದರು. ಸಂಜೆಯ ಹೊತ್ತನ್ನು ನಾಟಕಕ್ಕೆ ಕೊಟ್ಟರು. ಮೈಸೂರಿನಲ್ಲಿ ಆಗ ಹವ್ಯಾಸಿ ರಂಗಭೂಮಿ ಚುರುಕಾಗಿತ್ತು. ಅದರ ಜೊತೆಗೆ ಇನ್ನೊಂದು ಅನುಕೂಲವೂ ಇತ್ತು. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಊರಿನ ಕಲಾವಿದರಿಗೆಲ್ಲ ಬಾಗಿಲು ತೆರೆದಿತ್ತು. ಅಶ್ವಥ್ ಅಲ್ಲಿನ ನಾಟಕಗಳಲ್ಲಿ ಪಾತ್ರ ವಹಿಸತೊಡಗಿದರು.

ಬಾನುಲಿ ನಾಟಕ ಎಂದರೆ ವೇಷವಿಲ್ಲ, ಬಣ್ಣವಿಲ್ಲ, ಕೈಕಾಲು ಆಡಿಸಿ ಪ್ರಯೋಜನವಿಲ್ಲ. ಇರುವುದೆಲ್ಲ ದನಿ ಒಂದೇ. ಎಲ್ಲಿ ತಗ್ಗಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಮಾತಿಗಿಂತ ಮೌನ ಹೆಚ್ಚು ಹೇಳುತ್ತದೆ ಎಂಬುದನ್ನು ಅಲ್ಲಿ ಕಲಿಯಲೇಬೇಕು. ಆ ದಿನಗಳ ಕಂಪನಿ ನಾಟಕದ ನಟರಿಗೆ ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳುವಂತೆ ಗಟ್ಟಿಯಾಗಿ ಮಾತಾಡುವ ಅಭ್ಯಾಸ. ಅಶ್ವಥ್ ಅವರದು ಪಕ್ಕದಲ್ಲಿ ಕೂತವನಿಗೆ ಹೇಳಿದಂತೆ ಮಾತಾಡುವ ರೀತಿ. ಮುಂದೆ ತೆರೆಯ ಮೇಲೆ ಅವರು ದನಿ ಏರಿಸದೆಯೇ ಕಣ್ಣೀರು ತರಿಸಿದ್ದರ ಹಿಂದೆ ಈ ತಾಲೀಮು ಇದೆ.

1955ರಲ್ಲಿ ಹೆಸರಾಂತ ನಿರ್ದೇಶಕ ಕೆ. ಸುಬ್ರಹ್ಮಣ್ಯಂ ‘ಸ್ತ್ರೀರತ್ನ’ ಚಿತ್ರಕ್ಕೆ ಅವರನ್ನು ಆರಿಸಿದರು. ಅದು ನಾಯಕನ ಪಾತ್ರ. ಮೊದಲ ಚಿತ್ರದಲ್ಲೇ ನಾಯಕರಾದವರು ಆ ಪಟ್ಟಕ್ಕೇ ಅಂಟಿಕೊಳ್ಳುವುದು ಸಹಜ. ಅಶ್ವಥ್ ಹಾಗೆ ಮಾಡಲಿಲ್ಲ. ಕೆಲವೇ ವರ್ಷಗಳಲ್ಲಿ ಅವರು ಪೋಷಕ ಪಾತ್ರಗಳಿಗೆ ಹೊರಳಿದರು, ಮತ್ತೆ ಹಿಂತಿರುಗಿ ನೋಡಲಿಲ್ಲ. ಪೌರಾಣಿಕ ಚಿತ್ರಗಳಲ್ಲಿ ನಾರದನಾಗಿ, ಸಾಮಾಜಿಕ ಚಿತ್ರಗಳಲ್ಲಿ ಬಡ ತಂದೆಯಾಗಿ, ನೊಂದ ಹಿರಿಯನಾಗಿ ಅವರು ಮನೆಮನೆಯ ಪರಿಚಿತರಾದರು.

ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ಅಂದರೆ ಅಶ್ವಥ್ ಅವರಿಗಿಂತ ನಾಲ್ಕೇ ವರ್ಷ ಚಿಕ್ಕವರು. ಆದರೂ ಅಶ್ವಥ್ ತೆರೆಯ ಮೇಲೆ ಅವರ ತಂದೆಯಾಗಿ, ಹಿರಿಯನಾಗಿ ನಿಂತರು. ಇಬ್ಬರೂ ಕೂಡಿ ನಟಿಸಿದ ಚಿತ್ರಗಳು 90ಕ್ಕೂ ಹೆಚ್ಚು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾಗಿದ್ದ ಪಂಢರಿಬಾಯಿ ಮುಂದೆ ಅವರ ತಾಯಿಯಾಗಿ ನಟಿಸಿದರು. ಅಶ್ವಥ್ ಮತ್ತು ಪಂಢರಿಬಾಯಿ ತೆರೆಯ ಮೇಲೆ ತಂದೆತಾಯಿಯರಾಗಿ ಎಷ್ಟು ಹೊಂದಿಕೊಂಡರೆಂದರೆ, ನಿಜಜೀವನದಲ್ಲೂ ಅವರು ದಂಪತಿಗಳೇ ಎಂದು ನಂಬಿದ ಪ್ರೇಕ್ಷಕರೂ ಇದ್ದರು. ತನಗಿಂತ ಹೆಚ್ಚು ಮಿಂಚುವವರ ಪಕ್ಕದಲ್ಲಿ ನಿಂತು ಅವರನ್ನೇ ಬೆಳಗಿಸುವುದಕ್ಕೆ ದೊಡ್ಡ ಮನಸ್ಸು ಬೇಕು. ಒಳ್ಳೆಯ ಪೋಷಕ ನಟನಿಗೂ ಒಳ್ಳೆಯ ಶಿಕ್ಷಕನಿಗೂ ಇರುವ ಹೋಲಿಕೆ ಇದು.

1972ರ ಡಿಸೆಂಬರ್ ಕೊನೆಯಲ್ಲಿ ‘ನಾಗರಹಾವು’ ತೆರೆಕಂಡಿತು. ಕಾದಂಬರಿಕಾರ ತ.ರಾ.ಸುಬ್ಬರಾಯರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರ ಅದು. ನಿರ್ಮಾಪಕರು ಎನ್. ವೀರಾಸ್ವಾಮಿ. ಚಿತ್ರದುರ್ಗದ ಕಲ್ಲಿನ ಕೋಟೆಯೇ ಅದರ ಅಂಗಳ. ನಾಯಕ ರಾಮಾಚಾರಿಯ ಪಾತ್ರಕ್ಕೆ ಬಂದ 22 ವರ್ಷದ ಯುವಕ ಈ ಚಿತ್ರದಿಂದಲೇ ವಿಷ್ಣುವರ್ಧನ್ ಎಂದು ಹೆಸರಾದ. ಆ ಹುಡುಗನ ಪ್ರೀತಿಯ ಗುರು ಚಾಮಯ್ಯ ಮೇಷ್ಟ್ರಾಗಿ ಅಶ್ವಥ್, ಮೇಷ್ಟ್ರ ಪತ್ನಿ ತುಂಗಮ್ಮನಾಗಿ ಲೀಲಾವತಿ ನಟಿಸಿದರು.

ರಾಮಾಚಾರಿ ಮುಂಗೋಪಿ. ತನ್ನನ್ನು ಅವಮಾನಿಸಿದ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟುವಷ್ಟು ಹಟಮಾರಿ. ಊರು ಅವನನ್ನು ಪುಂಡ ಎನ್ನುತ್ತದೆ. ಹೆತ್ತವರಿಗೂ ಅವನನ್ನು ತಿದ್ದುವ ದಾರಿ ಗೊತ್ತಿಲ್ಲ. ಆದರೆ ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರಿಗೆ ಅವನೇ ಮಗ. ಅವನ ಸಿಟ್ಟಿನ ಕೆಳಗೆ ಒಂದು ಒಳ್ಳೆಯ ಮನಸ್ಸಿದೆ ಎಂದು ನಂಬಿದವರು ಆ ಊರಿನಲ್ಲಿ ಅವರೊಬ್ಬರೇ. ಬುಸುಗುಡುವ ಶಿಷ್ಯ ಮೇಷ್ಟ್ರ ಒಂದು ಮೆಲುಮಾತಿಗೆ ತಲೆತಗ್ಗಿಸುವ ದೃಶ್ಯಗಳನ್ನು ನೋಡಿದವರು ಮರೆಯುವುದಿಲ್ಲ. ಆ ಪಾತ್ರಕ್ಕಾಗಿ ಅಶ್ವಥ್ ಅವರಿಗೆ ರಾಜ್ಯ ಸರ್ಕಾರದ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ದೊರೆಯಿತು. 1974ರಲ್ಲಿ ಪುಟ್ಟಣ್ಣ ಅವರೇ ಈ ಕಥೆಯನ್ನು ಹಿಂದಿಯಲ್ಲಿ ‘ಝಹ್ರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ ತೆಗೆದರು. ರಿಷಿ ಕಪೂರ್ ನಾಯಕ. ಮೇಷ್ಟ್ರ ಪಾತ್ರ ಮಾಡಿದವರು ಹೆಸರಾಂತ ನಟ ಪ್ರಾಣ್. ಆದರೆ ಕನ್ನಡಿಗರ ಮನಸ್ಸಿನಲ್ಲಿ ಆ ಪೀಠದಲ್ಲಿ ಬೇರೆ ಯಾರೂ ಕೂರಲಿಲ್ಲ.

ಚಾಮಯ್ಯ ಮೇಷ್ಟ್ರನ್ನು ಆದರ್ಶ ಗುರು ಎಂದು ಹೊಗಳುವುದು ವಾಡಿಕೆ. ಚಿತ್ರವನ್ನು ಕೊನೆಯವರೆಗೆ ನೋಡಿದವರಿಗೆ ಮಾತ್ರ ಆ ಹೊಗಳಿಕೆ ಸಾಲದು ಎನಿಸುತ್ತದೆ. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಊರಿನ ಕಟ್ಟುಪಾಡಿಗೆ ಹೆದರಿದ ಮನೆಯವರ ಪರವಾಗಿ ಮಾತಾಡಿ, ಅವಳನ್ನು ಬಿಟ್ಟುಕೊಡುವಂತೆ ಒಪ್ಪಿಸುವವರು ಈ ಮೇಷ್ಟ್ರೇ. ಶಿಷ್ಯ ಗುರುವಿನ ಮಾತಿಗೆ ಕಟ್ಟುಬಿದ್ದು ತ್ಯಾಗ ಮಾಡುತ್ತಾನೆ. ಬೇರೆಯವನ ಕೈಹಿಡಿದ ಅಲಮೇಲುವಿನ ಬಾಳು ಮೂರಾಬಟ್ಟೆಯಾಗುತ್ತದೆ. ಮುಂದೆ ಅವನು ಕ್ರೈಸ್ತ ಹುಡುಗಿ ಮಾರ್ಗರೇಟ್‌ಳನ್ನು ಮೆಚ್ಚಿದಾಗಲೂ ಮೇಷ್ಟ್ರು ಅಡ್ಡ ಬರುತ್ತಾರೆ. ಮಾತಿಗೆ ಮಾತು ಬೆಳೆದು ಮೇಷ್ಟ್ರು ಬೆಟ್ಟದಿಂದ ಬಿದ್ದು ಪ್ರಾಣ ಬಿಡುತ್ತಾರೆ. ಅವರ ಹಿಂದೆಯೇ ಆ ಇಬ್ಬರೂ ಪ್ರಾಣ ಕಳೆದುಕೊಳ್ಳುತ್ತಾರೆ.

ಅಂದರೆ ಪ್ರೀತಿಯಲ್ಲಿ ಕೊರತೆಯಿಲ್ಲದ ಗುರುವೂ ಶಿಷ್ಯನ ಬದುಕನ್ನು ಹಾಳು ಮಾಡಬಹುದು. ಮೇಷ್ಟ್ರು ಅವನಿಂದ ವಿಧೇಯತೆಯನ್ನು ಕೇಳಿದರು, ಅವನ ಮಾತನ್ನು ಕೇಳಲಿಲ್ಲ. ಈ ಪಾತ್ರವನ್ನು ಬೇರೆ ನಟ ಮಾಡಿದ್ದರೆ ನಮಗೆ ಮೇಷ್ಟ್ರ ಮೇಲೆ ಸಿಟ್ಟು ಬರುತ್ತಿತ್ತೇನೋ. ಅಶ್ವಥ್ ಮಾಡಿದ್ದರಿಂದ ಸಿಟ್ಟಿನ ಬದಲು ಸಂಕಟವಾಗುತ್ತದೆ. ಒಳ್ಳೆಯ ಮನುಷ್ಯ ಒಳ್ಳೆಯದನ್ನೇ ಬಯಸಿ ತಪ್ಪು ದಾರಿ ತೋರುವುದು ಹೇಗೆ ಎಂಬುದನ್ನು ಅವರು ನಟಿಸಿ ತೋರಿಸಿದರು. ಪಾಠ ಹೇಳುವ ನಮ್ಮೆಲ್ಲರಿಗೂ ಅದು ದೊಡ್ಡ ಪಾಠ.

ಅದೇ ಚಿತ್ರದಲ್ಲಿ ಇನ್ನೊಬ್ಬ ಹುಡುಗನಿದ್ದಾನೆ. ಹೆಸರು ಜಲೀಲ. ಬೀದಿಯಲ್ಲಿ ನಿಂತು ಅಲಮೇಲುವನ್ನು ಚುಡಾಯಿಸುವುದು, ರಾಮಾಚಾರಿಯಿಂದ ಏಟು ತಿನ್ನುವುದು ಅವನ ಪಾತ್ರ. ಮುಂದೆ ಅಂಬರೀಷ್ ಎಂದು ಪ್ರಖ್ಯಾತರಾದ ನಟನ ಮೊದಲ ಚಿತ್ರ ಅದು. ಪಾತ್ರ ಚಿಕ್ಕದಾದರೂ ಜನ ಅದನ್ನು ಮೆಚ್ಚಿದರು, ಅಂಬರೀಷ್ ಅವರಿಗೆ ಅದರಿಂದಲೇ ಬಾಗಿಲು ತೆರೆಯಿತು. ಕಥೆಗೆ ಒಬ್ಬ ಪುಂಡ ಬೇಕಾಗಿತ್ತು, ಅವನಿಗೊಂದು ಹೆಸರು ಇಟ್ಟರು, ಅಷ್ಟೇ ಎಂದು ಹೇಳಿ ಮುಗಿಸಬಹುದು. ಆದರೆ ನಾವು ನೋಡುವಾಗ ಬೇರೊಂದು ಪ್ರಶ್ನೆ ಏಳುತ್ತದೆ. ರಾಮಾಚಾರಿಯೂ ಪುಂಡ, ಜಲೀಲನೂ ಪುಂಡ. ಒಬ್ಬನಿಗೆ ಚಾಮಯ್ಯ ಮೇಷ್ಟ್ರಿದ್ದರು, ಇನ್ನೊಬ್ಬನಿಗೆ ಯಾರೂ ಇರಲಿಲ್ಲ. ಜಲೀಲ ಯಾವ ಶಾಲೆಗೆ ಹೋದ, ಎಷ್ಟನೆಯ ತರಗತಿಗೆ ಬಿಟ್ಟ, ಅವನನ್ನು ಮರಳಿ ಕರೆಯಲು ಯಾರಾದರೂ ಮನೆಗೆ ಹೋದರೇ ಎಂಬುದನ್ನು ಆ ಕಥೆ ಹೇಳುವುದಿಲ್ಲ.

ಇದು ಚಿತ್ರದುರ್ಗದ ಕಥೆ ಮಾತ್ರವಲ್ಲ. ಪೀಣ್ಯದ ಕಾರ್ಖಾನೆ ಸಾಲಿನಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ಕಟ್ಟಡಗಳ ಹಿಂದಿನ ಗಲ್ಲಿಗಳಲ್ಲಿ ಶಾಲೆ ಬಿಟ್ಟ ಹುಡುಗರು ಇಂದಿಗೂ ಗ್ಯಾರೇಜು, ಲೇತ್ ಅಂಗಡಿ, ಡೆಲಿವರಿ ಕೆಲಸಗಳಲ್ಲಿ ಸಿಗುತ್ತಾರೆ. ತಂದೆ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಮಗ ಮಲಗಿರುತ್ತಾನೆ. ಇಂಥ ಮನೆಗಳಲ್ಲಿ ಅರ್ಜಿಯ ಮೇಲೆ ಸಹಿ ಹಾಕುವ ಪೋಷಕರಿರುತ್ತಾರೆ, ಮಗುವಿನ ಜೊತೆ ಕೂರುವ ಹೊತ್ತು ಮಾತ್ರ ಅವರಿಗೆ ಸಿಗುವುದಿಲ್ಲ. ಆ ಜಾಗವನ್ನು ತುಂಬಬೇಕಾದವರು ಶಿಕ್ಷಕರು, ಉಸ್ತಾದರು, ನೆರೆಹೊರೆಯ ಹಿರಿಯರು.

ಅಶ್ವಥ್ 300ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ‘ಶರಪಂಜರ’, ‘ಕಸ್ತೂರಿ ನಿವಾಸ’, 1990ರ ‘ಮುತ್ತಿನ ಹಾರ’ ಹೀಗೆ ನೆನಪಿನಲ್ಲಿ ಉಳಿದ ಚಿತ್ರಗಳ ಪಟ್ಟಿ ಉದ್ದವಿದೆ. ಆದರೆ ಪೋಷಕ ನಟರಿಗೆ ಸಿಗುತ್ತಿದ್ದ ಸಂಭಾವನೆ ನಾಯಕರ ಸಂಭಾವನೆಯ ಸಣ್ಣ ಪಾಲು. ನಿವೃತ್ತಿ ವೇತನದ ಭರವಸೆಯೂ ಇಲ್ಲ. 1990ರ ದಶಕದ ನಡುಭಾಗದಲ್ಲಿ ಅವರು ನಟನೆಯಿಂದ ದೂರ ಸರಿದು ಮೈಸೂರಿನ ಸರಸ್ವತಿಪುರಂನಲ್ಲಿ ಸರಳವಾಗಿ ಬಾಳಿದರು. ಅಬ್ಬರದ ದೃಶ್ಯಗಳೇ ಹೆಚ್ಚಾದ ಕಾಲದಲ್ಲಿ ಅವರಂಥ ಸೌಮ್ಯ ನಟರಿಗೆ ತೆರೆಯ ಮೇಲೆ ಜಾಗ ಕಿರಿದಾಗುತ್ತಾ ಹೋಗಿತ್ತು. ಬಳಿಕ 2000ದಲ್ಲಿ ಬಂದ, ರಾಜ್‌ಕುಮಾರ್ ಅವರ ಕೊನೆಯ ಚಿತ್ರ ‘ಶಬ್ದವೇಧಿ’ಯಲ್ಲಿ ಒಮ್ಮೆ ಮತ್ತೆ ಕಾಣಿಸಿಕೊಂಡರು.

ಅವರು ವಿಶ್ರಾಂತಿಗೆ ಹೊರಳಿದ ಹೊತ್ತಿನಲ್ಲಿ ಚಾಮಯ್ಯ ಮೇಷ್ಟ್ರಿಗೆ ಹೊಸ ತರಗತಿ ಸಿಕ್ಕಿತು. 1980ರ ದಶಕದಲ್ಲಿ ದೂರದರ್ಶನ, 1994ರಲ್ಲಿ ಆರಂಭವಾದ ಉದಯ ಟಿವಿ ಹಳೆಯ ಕನ್ನಡ ಚಿತ್ರಗಳನ್ನು ಮನೆಯ ನಡುಕೋಣೆಗೆ ತಂದವು. ಚಿತ್ರಮಂದಿರದ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು, ‘ನಾಗರಹಾವು’ ಬಂದಾಗ ಹುಟ್ಟಿಯೇ ಇರದ ಮಕ್ಕಳು ಅವರನ್ನು ಅಲ್ಲಿ ಕಂಡರು. ರಂಗಭೂಮಿ, ಬಾನುಲಿ, ಬೆಳ್ಳಿತೆರೆ ಹೀಗೆ ಸಾಗಿಬಂದ ಕಲಾವಿದ ಕಿರುತೆರೆಯ ಮೂಲಕ ಮೂರನೆಯ ತಲೆಮಾರಿನ ಮನೆಯವರಾದರು. 2018ರಲ್ಲಿ ಆ ಚಿತ್ರ ಹೊಸ ತಂತ್ರಜ್ಞಾನದಲ್ಲಿ ಮರುಬಿಡುಗಡೆಯಾದಾಗಲೂ ಜನ ಚಿತ್ರಮಂದಿರಕ್ಕೆ ಬಂದರು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆ ನಡೆದದ್ದು ಬೆಂಗಳೂರಿನ ಹೊರವಲಯದ ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೋದಲ್ಲಿ. ಆ ಸ್ಟುಡಿಯೋ ಕಟ್ಟಿದವರೂ ಒಬ್ಬ ಪೋಷಕ ನಟರೇ. ಕಿವಿ ಸರಿಯಾಗಿ ಕೇಳದಿದ್ದರೂ ನೂರಾರು ಚಿತ್ರಗಳಲ್ಲಿ ನಟಿಸಿ, 1995ರಲ್ಲಿ ನಿಧನರಾದ ಟಿ.ಎನ್. ಬಾಲಕೃಷ್ಣ. ಶಿಷ್ಯ ಹೋದ 19 ದಿನಗಳಿಗೆ, 2010ರ ಜನವರಿ 18ರಂದು, ಗುರುವೂ ಹೊರಟರು. ಅಶ್ವಥ್ ಅವರಿಗೆ ಆಗ 84 ವರ್ಷ. ಅವರ ಪುತ್ರ ಶಂಕರ್ ಅಶ್ವಥ್ ತಂದೆಯಂತೆಯೇ ಪೋಷಕ ಪಾತ್ರಗಳ ದಾರಿ ಹಿಡಿದವರು.

ಓದು ಅರ್ಧಕ್ಕೇ ನಿಂತವರು, ಕಚೇರಿ ಮುಗಿಸಿ ನಾಟಕ ಕಲಿತವರು, ನಾಯಕನ ಜಾಗ ಬಿಟ್ಟು ಪಕ್ಕಕ್ಕೆ ಸರಿದವರು ಅಶ್ವಥ್. ಅವರು ಬಿಟ್ಟುಹೋದ ಚಾಮಯ್ಯ ಮೇಷ್ಟ್ರನ್ನು ಪೂಜಿಸುವುದು ಸುಲಭ. ಅವರಿಂದ ಕಲಿಯುವುದು ಕಷ್ಟದ ಕೆಲಸ. ಊರೆಲ್ಲ ಕೈಬಿಟ್ಟ ಹುಡುಗನನ್ನು ಕೈಬಿಡದಿರುವುದನ್ನು ಅವರಿಂದ ಕಲಿಯೋಣ. ಅವನ ಬದುಕಿನ ತೀರ್ಮಾನವನ್ನು ಅವನನ್ನು ಕೇಳದೆ ಮಾಡಬಾರದೆಂಬುದನ್ನು ಅವರ ತಪ್ಪಿನಿಂದ ಕಲಿಯೋಣ. ಇನ್ನು ಆ ಕಥೆಯ ಬೀದಿಯಲ್ಲಿ ನಿಂತ ಜಲೀಲ ಇದ್ದಾನಲ್ಲ, ಅವನ ಮನೆಯ ಬಾಗಿಲು ತಟ್ಟುವ ಮೇಷ್ಟ್ರು ಸಿನಿಮಾದಲ್ಲಿ ಬರಲಿಲ್ಲ. ಆ ಪಾತ್ರ ಇನ್ನೂ ಖಾಲಿಯೇ ಇದೆ, ಅದನ್ನು ವಹಿಸಬೇಕಾದವರು ನಾವು.