ಮೈಸೂರಿಗೆ ಬರಬೇಕಿದ್ದ ಕಾರು ಬೊಂಬಾಯಿ ಪಾಲಾಯಿತು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಚೆನ್ನಾಗಿ ಸಾಕಿದ ಒಂದು ಹಳೇ ಫಿಯೆಟ್ ಕಾರು ಮಾರಾಟಕ್ಕಿದೆ ಅಂತ ಸುದ್ದಿ ಹಬ್ಬಿದರೆ ಸಾಕು, ಕೊಳ್ಳುವವರಿಗಿಂತ ನೋಡುವವರೇ ಮೊದಲು ಬಂದು ನಿಲ್ಲುತ್ತಾರೆ. ಬಾನೆಟ್ ಎತ್ತಿಸಿ ನೋಡುವುದೇನು, ಬಾಗಿಲು ಹಾಕಿ ಅದರ ಗಟ್ಟಿ ಸದ್ದು ಕೇಳುವುದೇನು, ಸ್ಟೀರಿಂಗ್ ಪಕ್ಕದ ಗೇರು ಹಿಡಿದು ಅಲ್ಲಾಡಿಸುವುದೇನು! ಡಾಕ್ಟರು, ವಕೀಲರು, ಕೊಡಗಿಗೆ ಹೋಗಿಬರುವ ಕಾಫಿ ತೋಟದವರು ಓಡಿಸುತ್ತಿದ್ದ ಕಾರು ಅದು. ಅದನ್ನು ಕಂಡರೆ ವಯಸ್ಸಾದವರಿಗೆ ತಮ್ಮ ಕಾಲವೇ ಎದುರಿಗೆ ಬಂದು ನಿಂತ ಹಾಗೆ.

ಈ ಕಾರಿನ ತವರು ಇಟಲಿಯ ಟ್ಯೂರಿನ್ ಪಟ್ಟಣ. ಫಿಯೆಟ್ ಕಂಪನಿ ಹುಟ್ಟಿದ್ದು 1899ರಲ್ಲಿ. ಅದರ 1100 ಮಾದರಿಯ ಹೊಸ ರೂಪ ಇಟಲಿಯಲ್ಲಿ ಹೊರಬಂದದ್ದು 1953ರಲ್ಲಿ, ನಮ್ಮ ದೇಶಕ್ಕೆ ಬಂದದ್ದು ಮರುವರ್ಷ. ನೋಡುವುದಕ್ಕೆ ಸಂಸಾರಸ್ಥರ ಕಾರು, ಎಂಜಿನ್ನು ಬರೀ 1089 ಸಿಸಿ. ಆದರೆ ಸಾಧು ಅಂತ ತಿಳಿದರೆ ಮೋಸಹೋದಿರಿ. ಇದೇ ಜಾತಿಯ ಕಾರುಗಳು ಇಟಲಿಯಲ್ಲಿ ಮಿಲ್ಲೆ ಮಿಲ್ಯಾ ಎಂಬ ಸಾವಿರ ಮೈಲಿಯ ಓಟದಲ್ಲಿ ಓಡಿದವು. ಇಲ್ಲಿಯೂ ಮದರಾಸಿನ ಹತ್ತಿರದ ಶೋಲಾವರಂ ಪಂದ್ಯಗಳಲ್ಲಿ ಎಂಜಿನ್ ಹದಮಾಡಿದ ಫಿಯೆಟ್‌ಗಳು ಧೂಳೆಬ್ಬಿಸಿದವು. ಬಡವರ ಸ್ಪೋರ್ಟ್ಸ್ ಕಾರು ಎಂದರೂ ತಪ್ಪಾಗದು.

ಈ ಕಾರನ್ನು ನಮ್ಮ ದೇಶದಲ್ಲಿ ತಯಾರಿಸಿದ ಕಾರ್ಖಾನೆ ಬೊಂಬಾಯಿಯ ಕುರ್ಲಾದಲ್ಲಿತ್ತು. ಆದರೆ ಆ ಕಾರ್ಖಾನೆಯ ಮೂಲ ಯೋಚನೆ ಹುಟ್ಟಿದ್ದು ಮೈಸೂರಿನ ದಿವಾನರಾಗಿದ್ದ ಒಬ್ಬರ ತಲೆಯಲ್ಲಿ. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕನ್ನಂಬಾಡಿ ಕಟ್ಟೆಗಾಗಿ ಅವರನ್ನು ನೆನೆಯದ ಮನೆ ಈ ಸೀಮೆಯಲ್ಲಿಲ್ಲ. ಕಾರಿಗಾಗಿ ಅವರು ಪಟ್ಟ ಪಾಡು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಮುದ್ದೇನಹಳ್ಳಿಯ ಹುಡುಗ

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಅವರ ಜನನ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಮಾಡಿದರು. 1884ರಿಂದ ಬೊಂಬಾಯಿ ಸರ್ಕಾರದ ನೌಕರಿ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ನೀರು ಏರಿದರೆ ತಾನೇ ತೆರೆದುಕೊಳ್ಳುವ ತೂಬಿನ ಬಾಗಿಲು ಕೂರಿಸಿ ಹೆಸರಾದರು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿ ಹಾಕಿದಾಗ ನಿಜಾಮರ ಸರ್ಕಾರ ಕರೆಸಿಕೊಂಡದ್ದೂ ಇವರನ್ನೇ.

1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಇಲ್ಲಿಗೆ ಬಂತು ನೋಡಿ ನಮ್ಮ ತಾಲ್ಲೂಕುಗಳ ಸಂಬಂಧ. ಹುಣಸೂರಿನ ಮಗ್ಗುಲಲ್ಲಿ ಹರಿಯುವ ಲಕ್ಷ್ಮಣತೀರ್ಥದ ನೀರು ಸೇರುವುದು ಆ ಜಲಾಶಯಕ್ಕೇ. ಹಿನ್ನೀರು ಹಿಂದಕ್ಕೆ ಸರಿದು ಕೆ.ಆರ್. ನಗರದ ಸೀಮೆಗೂ ಮುಟ್ಟುತ್ತದೆ. ಹೊಲ ಗದ್ದೆ, ಮನೆ, ಗುಡಿ ನೀರಿಗೆ ಬಿಟ್ಟು ಎದ್ದುಬಂದ ಜನ ಒಂದಿಬ್ಬರಲ್ಲ. ಆ ನೀರಿನಿಂದ ಮಂಡ್ಯದ ಬಯಲು ಹಸಿರಾಯಿತು, ಶಿವನಸಮುದ್ರದ ವಿದ್ಯುತ್ತಿಗೆ ಬಲ ಬಂತು. ನೀರು ಮತ್ತು ವಿದ್ಯುತ್ತು ಇದ್ದರೆ ಮುಂದಿನದು ಕಾರ್ಖಾನೆ ಎಂಬುದು ಅವರ ಲೆಕ್ಕ.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಆರೇ ವರ್ಷ. ಅಷ್ಟರಲ್ಲೇ ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆ, ಸಾಬೂನು, ಕನ್ನಡ ಸಾಹಿತ್ಯ ಪರಿಷತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಗೂ ತಳಹದಿ. ಒಂದೊಂದೂ ಒಬ್ಬೊಬ್ಬರ ಜೀವಮಾನದ ಕೆಲಸ.

ಹಾಗಂತ ಅವರು ಮಾಡಿದ್ದೆಲ್ಲ ಎಲ್ಲರೂ ಒಪ್ಪುವಂಥದ್ದಲ್ಲ. ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಯೋಗ್ಯತೆಯೊಂದೇ ಅಳತೆಗೋಲಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ಹಟ. ಓದೇ ಸಿಗದವರಿಗೆ ಯೋಗ್ಯತೆ ಎಲ್ಲಿಂದ ಬರಬೇಕು ಎಂಬುದು ಇನ್ನೊಂದು ಕಡೆಯವರ ಪ್ರಶ್ನೆ. ಆ ಪ್ರಶ್ನೆಯನ್ನು ಮುಂದೆ ವಿಧಾನಸೌಧದ ತನಕ ಒಯ್ದವರು ಹುಣಸೂರಿನ ದೇವರಾಜ ಅರಸರು ಎಂಬುದನ್ನು ಇಲ್ಲಿಯವರು ಮರೆಯುವಂತಿಲ್ಲ. ಅಂತೂ ಆ ವರ್ಷದ ಡಿಸೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ರಾಜೀನಾಮೆ ಕೊಡುವುದಕ್ಕೆ ಸರ್ಕಾರಿ ಕಾರಿನಲ್ಲಿ ಹೋದವರು ಹಿಂದಿರುಗುವಾಗ ಸ್ವಂತ ಕಾರು ಹತ್ತಿದರು ಎಂಬ ಕಥೆ ಇವತ್ತಿಗೂ ಹಳ್ಳಿ ಕಟ್ಟೆಗಳ ಮೇಲೆ ಕೇಳಿಬರುತ್ತದೆ.

ಎಪ್ಪತ್ತು ದಾಟಿದ ಮೇಲೆ ಕಾರಿನ ಕನಸು

ಕುರ್ಚಿ ಬಿಟ್ಟರೂ ಕಾರ್ಖಾನೆಯ ಯೋಚನೆ ಬಿಡಲಿಲ್ಲ. 1934ರಲ್ಲಿ ಇಡೀ ದೇಶಕ್ಕೆ ಯೋಜನೆ ಹಾಕಿಕೊಡುವ ಪುಸ್ತಕ ಬರೆದರು. ಮರುವರ್ಷ, ಬೇರೆಯವರು ಜಗಲಿ ಮೇಲೆ ಕೂತು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ಹಡಗು ಹತ್ತಿ ಯೂರೋಪು, ಅಮೆರಿಕಗಳಿಗೆ ಹೊರಟರು. ಮೋಟಾರು ಕಾರ್ಖಾನೆಗಳನ್ನು ಸುತ್ತಿ, ಯಂತ್ರಕ್ಕೆ ಎಷ್ಟು, ಕೂಲಿಗೆ ಎಷ್ಟು ಎಂದು ಲೆಕ್ಕ ಹಾಕಿಕೊಂಡು ಬಂದರು. ಆಗ ಇಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಹೊರದೇಶದ್ದು, ಹೆಚ್ಚೆಂದರೆ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿದ್ದು. ಕಾರು ಕಟ್ಟಲು ಕಲಿತ ದೇಶ ಉಕ್ಕು, ರಬ್ಬರು, ಗಾಜು, ಬಣ್ಣ ಎಲ್ಲವನ್ನೂ ಮಾಡಲು ಕಲಿಯುತ್ತದೆ, ಸಾವಿರಾರು ಹುಡುಗರಿಗೆ ಕಸುಬು ಸಿಗುತ್ತದೆ ಎಂಬುದು ಅವರ ವಾದ.

ಹಣ ಹಾಕಲು ಬೊಂಬಾಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು. ಬೊಂಬಾಯಿ ಪ್ರಾಂತ್ಯದ ಕಾಂಗ್ರೆಸ್ ಮಂತ್ರಿಮಂಡಲವೂ ಒಲವು ತೋರಿಸಿತು. ಆದರೆ 1939ರಲ್ಲಿ ಯುದ್ಧ ಶುರುವಾಗಿ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಆಮೇಲೆ ಕಣ್ಣು ಹೊರಳಿದ್ದು ಮೈಸೂರಿನ ಕಡೆಗೆ. ಅಮೆರಿಕದ ಕ್ರೈಸ್ಲರ್ ಕಂಪನಿ ಸಹಾಯಕ್ಕೆ ಒಪ್ಪಿತ್ತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರವೂ ಸಿದ್ಧವಿತ್ತು. ಇನ್ನೇನು ಊಟಕ್ಕೆ ಎಲೆ ಹಾಕುವುದೊಂದೇ ಬಾಕಿ ಅನ್ನುವಷ್ಟರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಅಡ್ಡ ನಿಂತಿತು. ಯುದ್ಧದ ಕಾಲ, ಡಾಲರ್ ಖರ್ಚು ಮಾಡುವಂತಿಲ್ಲ ಎಂಬುದು ಹೇಳಿದ ಕಾರಣ. ಹೊರಗಿನ ಕಾರು ಮಾರುವವರ ವ್ಯಾಪಾರ ಕೆಡಬಾರದು ಎಂಬುದು ಹೇಳದ ಕಾರಣ ಅಂತ ಬಹಳ ಜನ ನಂಬಿದರು. ಮುದುಕರು ವರ್ಷಗಟ್ಟಲೆ ಹಾಕಿದ ಲೆಕ್ಕವೆಲ್ಲ ಕಡತ ಸೇರಿತು.

ತಮಾಷೆ ಏನೆಂದರೆ, ಕಾರು ಬೇಡ ಎಂದವರಿಗೆ ಯುದ್ಧಕ್ಕೆ ವಿಮಾನ ಬೇಕಾಯಿತು. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ಮೈಸೂರು ಸರ್ಕಾರ ಜಾಗ ಕೊಟ್ಟು ಪಾಲುದಾರನಾಯಿತು. ಇಂದಿನ ಎಚ್‌ಎಎಲ್ ಅದೇ. ಕಾರಿನ ಕಾರ್ಖಾನೆ ಮಾತ್ರ ಪ್ರೀಮಿಯರ್ ಎಂಬ ಹೆಸರಿನಲ್ಲಿ 1944ರಲ್ಲಿ ಬೊಂಬಾಯಿ ಸೇರಿತು. ಮೊದಲು ಡಾಜ್, ಪ್ಲಿಮತ್. 1951ರಲ್ಲಿ ಪುಟ್ಟ ಫಿಯೆಟ್ 500. 1954ರಲ್ಲಿ ಫಿಯೆಟ್ 1100. ಅದೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು.

ವಿಶ್ವೇಶ್ವರಯ್ಯನವರು ಗೊಣಗುತ್ತಾ ಕೂರಲಿಲ್ಲ. ಭದ್ರಾವತಿ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೂ ತಮ್ಮ ಹೆಸರಿಡದೆ ಮಹಾರಾಜ ಜಯಚಾಮರಾಜೇಂದ್ರರ ಹೆಸರಿಡಿಸಿದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಅಷ್ಟು ಹೊತ್ತಿಗೆ ಫಿಯೆಟ್ ಕಾರುಗಳು ಮೈಸೂರಿನ ರಸ್ತೆಗಳಲ್ಲಿ ಓಡುತ್ತಿದ್ದವು. ಆದರೆ ಎಲ್ಲದರ ಮೇಲೂ ಬೊಂಬಾಯಿಯ ಹೆಸರು.

ಗುಜರಿಗೆ ಹಾಕುವ ಮುಂಚೆ

ಮೈಸೂರಿಗೆ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ ಬಂದದ್ದು 1960ರ ಹೊತ್ತಿಗೆ. 1996ರಲ್ಲಿ ಅದಕ್ಕೂ ಬೀಗ ಬಿತ್ತು. ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಏಳುವ ಹೊತ್ತಿಗೆ ವಿಶ್ವೇಶ್ವರಯ್ಯನವರು ಲೆಕ್ಕ ಹಾಕಿ ಅರವತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಈ ನಾಲ್ಕು ತಾಲ್ಲೂಕಿನ ಎಷ್ಟು ತಲೆಮಾರಿನ ಹುಡುಗರು ಕೆಲಸ ಹುಡುಕಿಕೊಂಡು ಬಸ್ಸು ಹತ್ತಿದರೋ! ನೀರಿಗೆ ನೆಲ ಕೊಟ್ಟ ಸೀಮೆಗೆ ಕಾರ್ಖಾನೆಯ ಪಾಲು ಬರಲಿಲ್ಲ.

ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಆದ್ದರಿಂದ ಹಿತ್ತಲ ಷೆಡ್ಡಿನಲ್ಲಿ ತಾತನ ಫಿಯೆಟ್ ಇಟ್ಟುಕೊಂಡಿರುವವರು ಕೆ.ಜಿ. ಲೆಕ್ಕದಲ್ಲಿ ತೂಗಿಕೊಡುವ ಮುಂಚೆ ಒಂದು ಮಾತು ತಿಳಿದಿರಲಿ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಬಾಡಿಗೆಗೆ, ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ತರಬಹುದು. ಕಾಗದಪತ್ರ ಸರಿಯಿದ್ದು, ತುಕ್ಕು ಹಿಡಿಯದೆ, ಮೂಲದ ಎಂಜಿನ್ನೇ ಇದ್ದರೆ ಕೇಳಿಕೊಂಡು ಬರುವವರು ಇದ್ದಾರೆ. ಕೊಳ್ಳುವವರು ಬಾನೆಟ್ ಎತ್ತಿ ಎಂಜಿನ್ ನಂಬರು ನೋಡುವಾಗ, ಅಲ್ಲಿ ಮೈಸೂರಿನ ಹೆಸರು ಇರಬೇಕಿತ್ತು ಎಂಬುದನ್ನು ಅವರ ಕಿವಿಗೂ ಹಾಕಿದರೆ ತಪ್ಪೇನಿಲ್ಲ.