ಕಲಿತ ಕೈಗಳಿಗಾಗಿ ದುಡಿದವರು

ಹಲ್ಲು ಕೀಳಿಸಲು ಬಾಯಿ ತೆರೆಯುವಾಗ, ಎದುರಿಗಿರುವವನು ನಿಜವಾಗಿ ಕಲಿತವನೇ ಎಂದು ನೀವು ಯೋಚಿಸಿದ್ದೀರಾ? ಡಾ. ರಫೀಉದ್ದೀನ್ ಅಹ್ಮದ್‌ರ ಬದುಕು ಈ ಪ್ರಶ್ನೆಗೇ ಮೀಸಲಾಗಿತ್ತು.

1890ರಲ್ಲಿ ಪೂರ್ವ ಬಂಗಾಳದಲ್ಲಿ ಜನಿಸಿದ ಅವರು, 1915ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಿಂದ ದಂತವೈದ್ಯ ಪದವಿ ಪಡೆದರು. ಸ್ವದೇಶಕ್ಕೆ ಮರಳಿ, 1920ರಲ್ಲಿ ಕಲ್ಕತ್ತಾದಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ತಾವೇ ಆರಂಭಿಸಿದ ಸೋಡಾ, ಐಸ್‌ಕ್ರೀಂ ಅಂಗಡಿಯ ಆದಾಯವನ್ನು ಅದಕ್ಕೆ ಸುರಿದರು.

ಕಲಿಸಿದರಷ್ಟೇ ಸಾಲದು, ಕಲಿಯದವರನ್ನು ತಡೆಯಲೂ ಬೇಕಲ್ಲವೇ? 1939ರ ಬಂಗಾಳ ದಂತವೈದ್ಯರ ಕಾಯ್ದೆ ಹಾಗೂ ದೇಶಕ್ಕೆಲ್ಲ ಅರ್ಹತೆ, ನೋಂದಣಿಗಳ ನಿಯಮ ತಂದ 1948ರ ಕಾಯ್ದೆಗಳ ಹಿಂದೆ ಅವರ ದುಡಿಮೆಯಿತ್ತು. 1949ರಲ್ಲಿ ಕಾಲೇಜನ್ನು ಸರಕಾರಕ್ಕೆ ಒಪ್ಪಿಸಿದರು. 1965ರಲ್ಲಿ ನಿಧನರಾದರು.

ರೋಗಿಯ ದೇಹ ವೈದ್ಯನ ಕೈಯಲ್ಲಿರುವ ಅಮಾನತ್ತು. ಓದುಗರೇ, ನಿಮ್ಮನ್ನು ನಂಬಿ ಜನರು ಒಪ್ಪಿಸಿದ ಕೆಲಸವನ್ನು ನೀವು ಕಲಿತು ಮಾಡುತ್ತಿದ್ದೀರಾ?